ಸೇವೆಯ ಮಾತು ಸಾಕು, ಪಗಾರದ ಮಾತಾಡಿ

ಈಚೆಗೆ ನಮ್ಮ ಸಂಘದ ಕಚೇರಿಗೆ ಒಂದು ಮನವಿ ಪತ್ರ ಬಂದಿತು. ದಪ್ಪ ಕಾಗದ, ಬಣ್ಣದ ಅಚ್ಚು. ಈ ಮುಂಬಯಿಯಲ್ಲಿ ದುಡಿದು ಹಣ್ಣಾದ ಕನ್ನಡಿಗರಿಗಾಗಿ ಒಂದು ವೃದ್ಧಾಶ್ರಮ ಕಟ್ಟಬೇಕೆಂದು ನಮ್ಮವರೇ ಆದ ಕೆಲವು ಮಹನೀಯರು ಹೊರಟಿದ್ದಾರೆ. ಸಂತೋಷ. ಪತ್ರದಲ್ಲಿ ಕೋಣೆಗಳ ಲೆಕ್ಕವಿದೆ, ಭಜನೆಯ ಹಾಲು ಇದೆ, ತೋಟವಿದೆ, ಲಿಫ್ಟು ಇದೆ, ಸಸ್ಯಾಹಾರದ ಅಡಿಗೆಮನೆ ಇದೆ. ಎಷ್ಟು ರೂಪಾಯಿ ಕೊಟ್ಟವರ ಹೆಸರು ಯಾವ ಗೋಡೆಯ ಮೇಲೆ ಎಷ್ಟು ದೊಡ್ಡ ಕಲ್ಲಿನಲ್ಲಿ ಬರುತ್ತದೆಂಬ ಪಟ್ಟಿಯೂ ಇದೆ. ಮುದುಕರನ್ನು ಎತ್ತಿ ಕೂಡಿಸುವವರು ಯಾರು, ಮೈ ತೊಳೆಯುವವರು ಯಾರು, ನಡುರಾತ್ರಿ ಎದ್ದು ಮಗ್ಗುಲು ಹೊರಳಿಸುವವರು ಯಾರು ಎಂದು ನಾವು ಪುಟ ಮಗುಚಿ ಹುಡುಕಿದೆವು. ಕಟ್ಟಕಡೆಯಲ್ಲಿ ಒಂದು ಸಾಲು ಸಿಕ್ಕಿತು: ಸೇವಾ ಮನೋಭಾವವುಳ್ಳ ಸಿಬ್ಬಂದಿ ಇರುತ್ತಾರೆ. ಅಷ್ಟೆ.

ಸಂಘದಿಂದ ಇಬ್ಬರು ಹೋಗಿ ವಿನಯದಿಂದಲೇ ಕೇಳಿದರು. ಸ್ವಾಮಿ, ಆಯಾಗಳಿಗೂ ವಾರ್ಡ್‌ಬಾಯಿಗಳಿಗೂ ಪಗಾರ ಎಷ್ಟು ಇಟ್ಟಿದ್ದೀರಿ, ಡ್ಯೂಟಿ ಎಷ್ಟು ಗಂಟೆ, ರಾತ್ರಿಗೆ ಎಷ್ಟು ಮಂದಿ? ಸಿಕ್ಕಿದ ಉತ್ತರ ಇದು: “ಇದು ಧರ್ಮಕಾರ್ಯ, ಕಾರ್ಖಾನೆಯಲ್ಲ. ಅಡಿಗಲ್ಲು ಇಡುವ ಮೊದಲೇ ಪಗಾರದ ಮಾತು ಎತ್ತುವುದು ಶೋಭೆಯಲ್ಲ.”

ಸಿಮೆಂಟಿನ ವ್ಯಾಪಾರಿಗೆ ಈ ಮಾತು ಹೇಳಿದ್ದಾರೆಯೇ? ಲಿಫ್ಟು ಕೂಡಿಸುವ ಕಂಪೆನಿಯ ಹತ್ತಿರ ಸೇವಾ ಮನೋಭಾವ ಇದೆಯೇ ಎಂದು ವಿಚಾರಿಸಿದ್ದಾರೆಯೇ? ಅವರಿಂದ ತರಿಸಿಕೊಂಡದ್ದು ಕೊಟೇಶನ್. ಇಂಜಿನಿಯರಿಗೆ ಫೀಸು, ವಕೀಲರಿಗೆ ಫೀಸು, ಅಚ್ಚುಕೂಟಕ್ಕೆ ಬಿಲ್ಲು. ಮಲಮೂತ್ರ ಎತ್ತುವ ಹೆಂಗಸಿನ ಸರದಿ ಬಂದಾಗ ಮಾತ್ರ ಎಲ್ಲರಿಗೂ ಒಮ್ಮೆಗೇ ಧರ್ಮದ ನೆನಪಾಯಿತು!

ಆ ಮಹನೀಯರ ಮೇಲೆ ನಮಗೆ ಹಗೆಯಿಲ್ಲ. ಅವರಲ್ಲಿ ಕೆಲವರು ನಮ್ಮ ಮಕ್ಕಳಿಗೆ ಪಾಠ ಪುಸ್ತಕ ಕೊಡಿಸಿದವರು. ಆದರೆ ಇದು ಒಂದು ಆಶ್ರಮದ ಮಾತಲ್ಲ. ಮುದುಕರ ಆರೈಕೆಯಲ್ಲಿ ಈ ಶಹರಿನ ಮನೆಮನೆಯಲ್ಲಿ, ನರ್ಸಿಂಗ್ ಹೋಮುಗಳಲ್ಲಿ, ಆಶ್ರಮಗಳಲ್ಲಿ ದುಡಿಯುವ ನಮ್ಮ ಅಕ್ಕತಂಗಿಯರೂ ಅಣ್ಣತಮ್ಮಂದಿರೂ ನಿತ್ಯ ಕೇಳಿಸಿಕೊಳ್ಳುವ ಮಾತು. ಆದುದರಿಂದ ಬಿಡಿಸಿ ಹೇಳಲೇಬೇಕಾಗಿದೆ.

ಈ ‘ಸೇವೆ’ಯ ರುಚಿ ಹೋಟೆಲಿನಲ್ಲಿ ದುಡಿದ ನಮಗೆ ಹೊಸತಲ್ಲ. ಊರಿನಿಂದ ಬಂದ ಹುಡುಗನಿಗೆ ಮಾಲಿಕರು ಮೊದಲು ಹೇಳುವ ಮಾತು, “ನೀನು ನಮ್ಮ ಮನೆಯ ಹುಡುಗ ಇದ್ದ ಹಾಗೆ.” ಮನೆಯ ಹುಡುಗನೆಂದ ಮೇಲೆ ಬೆಳಿಗ್ಗೆ ಐದಕ್ಕೆ ಒಲೆ ಹಚ್ಚುವಾಗ ಏಳಬೇಕು, ರಾತ್ರಿ ಹನ್ನೆರಡಕ್ಕೆ ಮೋರಿ ತೊಳೆದ ಮೇಲೆ ಮಲಗಬೇಕು, ಮಲಗುವುದು ಅದೇ ಮೇಜಿನ ಮೇಲೆ. ಮನೆಯ ಹುಡುಗ ಗಂಟೆ ಎಣಿಸಬಾರದು. ಊರಿಗೆ ಹೋಗುವ ದಿನ ಬಾಕಿ ಪಗಾರ ಕೇಳಿದನೋ, ಮನೆಯತನ ಅಲ್ಲಿಗೆ ಮುಗಿಯಿತು! ಮಗನೆಂದು ಕರೆದವರು ಆಸ್ತಿಯಲ್ಲಿ ಪಾಲು ಕೊಟ್ಟದ್ದನ್ನು ನಾವು ಎಲ್ಲಿಯೂ ಕಾಣಲಿಲ್ಲ. 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಬಂದಾಗ ಅದರಲ್ಲಿ ಹೋಟೆಲು, ಖಾನಾವಳಿಗಳ ಕೆಲಸಗಾರರಿಗೆ ದಿನದ ಗಂಟೆ, ವಾರದ ರಜೆ ಎಂದು ಬರೆದರು. ಬರೆದದ್ದೆಲ್ಲ ನಡೆಯಿತೆಂದು ನಾವು ಹೇಳುವುದಿಲ್ಲ. ಆದರೆ ಬರೆದದ್ದು ಇತ್ತು, ಅದನ್ನು ಹಿಡಿದು ನಮ್ಮ ಹಿರಿಯರು ಮಾಲಿಕರ ಮುಂದೆ ನಿಲ್ಲಬಲ್ಲವರಾದರು. ಆಯಾನ ಕೈಯಲ್ಲಿ ಅಂಥ ಕಾಗದ ಒಂದೂ ಇಲ್ಲ.

ಈ ಕೆಲಸ ಏನೆಂದು ಅರಿಯದವರು, “ಅಜ್ಜಿಯ ಪಕ್ಕದಲ್ಲಿ ಕೂತು ಟೀವಿ ನೋಡುವುದು ತಾನೆ” ಎನ್ನುತ್ತಾರೆ. ಅವರು ಸ್ವಲ್ಪ ಕೇಳಬೇಕು. ಹಾಸಿಗೆ ಹಿಡಿದವರನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲವಾದರೆ ಬೆನ್ನಿನ ತುದಿ, ಸೊಂಟದ ಎಲುಬು, ಹಿಮ್ಮಡಿ, ಎಲ್ಲಿ ಭಾರ ಒತ್ತುತ್ತದೆಯೋ ಅಲ್ಲಿ ರಕ್ತ ಓಡಾಡದೆ ಚರ್ಮ ಕೆಂಪಾಗುತ್ತದೆ. ಕೆಂಪು ಕಂಡ ದಿನವೇ ಎಚ್ಚರಾದರೆ ಉಳಿಯಿತು. ತಪ್ಪಿದರೆ ಹುಣ್ಣಾಗಿ ಎಲುಬಿನ ತನಕ ಇಳಿಯುತ್ತದೆ. ರಾತ್ರಿ 10ಕ್ಕೆ, 12ಕ್ಕೆ, 2ಕ್ಕೆ, 4ಕ್ಕೆ, 6ಕ್ಕೆ. ಒಂದು ರಾತ್ರಿಗೆ ಐದು ಸಲ. ಮೂಗಿನ ನಳಿಗೆಯಿಂದ ಊಟ ಹಾಕುವುದೆಂದರೆ ತಲೆಯ ಕಡೆ ಎತ್ತರ ಮಾಡಬೇಕು, ನಳಿಗೆ ಹೊಟ್ಟೆಯಲ್ಲೇ ಇದೆಯೆಂದು ಖಾತ್ರಿ ಮಾಡಿಕೊಳ್ಳಬೇಕು, ನಿಧಾನವಾಗಿ ಬಿಡಬೇಕು, ಮುಗಿದ ಮೇಲೂ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಹಾಗೆಯೇ ಎತ್ತರದಲ್ಲಿ ಇರಿಸಬೇಕು. ಅವಸರ ಮಾಡಿದರೆ ಗಂಜಿ ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಸೇರುತ್ತದೆ. ನಿನ್ನೆ ಸಂಜೆ ನೆಟ್ಟಗೆ ಮಾತಾಡಿದ ಅಜ್ಜ ಇಂದು ಬೆಳಿಗ್ಗೆ ಮಗನ ಗುರುತೇ ಹಿಡಿಯದೆ ಏನೋ ಬಡಬಡಿಸಿದರೆ ಅದು ಮುಪ್ಪಿನ ಮರುಳೆಂದು ಮನೆಯವರು ಸುಮ್ಮನಿರುತ್ತಾರೆ. ರಕ್ತದ ಸಕ್ಕರೆ ಇಳಿದಿರಬಹುದು, ಮೂತ್ರದ ಸೋಂಕು ಏರಿರಬಹುದು, ಲಕ್ವದ ಆರಂಭವೇ ಆಗಿರಬಹುದು. ಮೊದಲು ಕಾಣುವುದು ಆಯಾನ ಕಣ್ಣಿಗೆ. ಡಾಕ್ಟರು ಬಂದು ನೋಡುವುದು ಹತ್ತು ನಿಮಿಷ, ಆಕೆ ನೋಡುವುದು ಹನ್ನೆರಡು ಗಂಟೆ.

ಇನ್ನು ಎತ್ತುವ ಮಾತು. ನಮ್ಮಲ್ಲಿ ಅಕ್ಕಿಯ ಮೂಟೆ ಹೊತ್ತವರು ಬೇಕಾದಷ್ಟು ಮಂದಿ ಇದ್ದಾರೆ. ಮೂಟೆ ಹೆದರುವುದಿಲ್ಲ, ನಡುವೆ ಕುತ್ತಿಗೆ ತಬ್ಬುವುದಿಲ್ಲ, ಕಾಲು ಜಾರಿಸುವುದಿಲ್ಲ, ಕೆಳಗೆ ಬಿದ್ದರೆ ಅದರ ತೊಡೆಯ ಎಲುಬು ಮುರಿಯುವುದಿಲ್ಲ. ನಲವತ್ತೈದು ಕಿಲೋದ ಹೆಂಗಸು ಅರವತ್ತು ಕಿಲೋದ ಮನುಷ್ಯನನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಮತ್ತೆ ಹಾಸಿಗೆಗೆ ದಿನಕ್ಕೆ ಎಷ್ಟೋ ಬಾರಿ ಸಾಗಿಸುತ್ತಾಳೆ. ನಲವತ್ತು ದಾಟುವುದರೊಳಗೆ ಅವಳ ಸೊಂಟ ಹೋಗುತ್ತದೆ. ಸೊಂಟ ಹೋದವಳನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ.

ಕನ್ನಡದ ಮಾತೂ ಇಲ್ಲಿ ಬರುತ್ತದೆ. ಮರೆವಿನ ಕಾಯಿಲೆ ಹಿಡಿದವರಿಗೆ ನಡುವಯಸ್ಸಿನಲ್ಲಿ ಕಲಿತ ಭಾಷೆ ಮೊದಲು ಹೋಗಿ ತಾಯ್ನುಡಿ ಕೊನೆಯ ತನಕ ಉಳಿಯುವುದು ಉಂಟು. ಐವತ್ತು ವರ್ಷ ಗಲ್ಲಾದ ಮೇಲೆ ಕೂತು ಮರಾಠಿ, ಹಿಂದಿ, ಗುಜರಾತಿ ಎಲ್ಲ ಮಾತಾಡಿದ ನಮ್ಮ ಹೋಟೆಲು ಮಾಲಿಕರೊಬ್ಬರು ಕೊನೆಗಾಲದಲ್ಲಿ ಬರಿಯ ತುಳುವಿಗೂ ಕನ್ನಡಕ್ಕೂ ಹಿಂದಿರುಗಿದರು. ಅವರ ಮೊಮ್ಮಕ್ಕಳಿಗೆ ಆ ಎರಡೂ ಬಾರದು! ಮನೆಯವರು ನಮ್ಮ ಸಂಘಕ್ಕೇ ಫೋನು ಮಾಡಿ, “ಊರಿನ ಭಾಷೆ ಬಲ್ಲ ಹೆಂಗಸು ಇದ್ದರೆ ಕಳಿಸಿ” ಎಂದು ಬೇಡಿದರು. ಕಳಿಸಿದೆವು. ‘ನೀರು ಬೇಕೆ, ಎಲ್ಲಿ ನೋವು’ ಎಂದು ಕೇಳಿ ಉತ್ತರ ಪಡೆಯಬಲ್ಲವರು ಆ ಮನೆಯಲ್ಲಿ ಆಕೆಯೊಬ್ಬಳೇ. ಮಗನಿಗೆ ತಂದೆಯ ಮಾತನ್ನು ತಿಳಿಸಿ ಹೇಳುವವಳೂ ಆಕೆಯೇ. ಈ ದುಭಾಷಿತನಕ್ಕೆ ಒಂದು ರೂಪಾಯಿ ಹೆಚ್ಚಿಗೆ ಸಿಕ್ಕಲಿಲ್ಲ.

ಹೆಸರಾದರೂ ಒಂದು ಇದೆಯೇ? ನೆಂಟರು ಬಂದಾಗ ‘ಸಿಸ್ಟರ್’, ನೆಂಟರು ಹೋದಮೇಲೆ ‘ಬಾಯಿ’, ಬಳೆ ಕಾಣದಾದ ದಿನ ‘ಆ ಹೆಂಗಸು’. ಬಳೆ ಆಮೇಲೆ ಗಾದಿಯ ಅಡಿಯಲ್ಲಿ ಸಿಕ್ಕಿದರೂ ಅವಳ ಚೀಲ ಬಿಚ್ಚಿ ನೋಡಿದ್ದಕ್ಕೆ ಯಾರೂ ಕ್ಷಮೆ ಕೇಳುವುದಿಲ್ಲ. ಮನೆಯ ಕಕ್ಕಸನ್ನು ಅವಳು ತೊಳೆಯಬಹುದು, ಉಪಯೋಗಿಸಬಾರದು. ಕೆಳಗೆ ವಾಚ್‌ಮನ್ನನ ಕಕ್ಕಸಿಗೆ ಹೋಗಬೇಕು. ಅವಳ ಲೋಟ ಬೇರೆ, ತಟ್ಟೆ ಬೇರೆ. ಅದೇ ಕೈಯಿಂದ ಅಜ್ಜಿಗೆ ತುತ್ತು ಹಾಕಬೇಕು! ಈ ಮಡಿಯ ಅರ್ಥ ನಮ್ಮ ತಲೆಗೆ ಹೊಳೆಯುವುದಿಲ್ಲ.

ಲೆಕ್ಕಕ್ಕೆ ಬರೋಣ. ಎಂಟು ಗಂಟೆಯ ದಿನ, ವಾರಕ್ಕೊಂದು ರಜೆ ಎಂದರೆ ತಿಂಗಳಿಗೆ 26 ದಿನ, 208 ಗಂಟೆ. ಮನೆಗಳಲ್ಲಿ ನಡೆಯುವ ಡ್ಯೂಟಿ ಹನ್ನೆರಡು ಗಂಟೆಯದು, ಹೋಗದ ದಿನದ ಪಗಾರ ಕಡಿತ. ಆದುದರಿಂದ ಮೂವತ್ತು ದಿನವೂ ಹೋಗುತ್ತಾರೆ. 360 ಗಂಟೆ. ತಿಂಗಳೊಂದರಲ್ಲಿ ಹೆಚ್ಚುಕಡಿಮೆ ಒಂದೂ ಮುಕ್ಕಾಲು ತಿಂಗಳಿನ ದುಡಿಮೆ ಮುಗಿಯುತ್ತದೆ. ಇದರ ಮೇಲೆ ಡೊಂಬಿವಲಿಯಿಂದಲೋ ನಾಲಾಸೊಪಾರಾದಿಂದಲೋ ರೈಲಿನಲ್ಲಿ ಹೋಗಿಬರುವ ಮೂರು ನಾಲ್ಕು ಗಂಟೆ. ಮನೆಯಲ್ಲೇ ಉಳಿಯುವ ‘ಇಪ್ಪತ್ತನಾಲ್ಕು ಗಂಟೆ’ಯವರದಂತೂ ತಿಂಗಳಿಗೆ 720. ಅವರಿಗೆ ನಿದ್ದೆ ಇಲ್ಲವೇ ಎಂದರೆ, ಇದೆ. ಮುದುಕರು ನಿದ್ದೆ ಮಾಡುವಾಗ. ಮರೆವಿನ ಕಾಯಿಲೆಯವರು ಹಗಲು ತೂಕಡಿಸಿ ರಾತ್ರಿ ಎದ್ದು ಬಾಗಿಲು ತಟ್ಟುವುದು ಸಾಮಾನ್ಯ. ಹೊಟ್ಟೆಗೆ ಊಟ ಕೊಡುತ್ತೇವಲ್ಲ ಎಂದು ಮನೆಯವರು ಹೇಳುತ್ತಾರೆ. ಹೋಟೆಲಿನವರೂ ನಮಗೆ ಹಾಗೆಯೇ ಹೇಳುತ್ತಿದ್ದರು.

ಮತ್ತೆ, ಮಾಲಿಕರು ಯಾರು? ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಆಸ್ಪತ್ರೆಯ ಬಾಗಿಲಲ್ಲಿ ಕಾರ್ಡು ಹಂಚುವ ‘ಬ್ಯೂರೋ’ಗಳಿವೆ. ಮನೆಯವರು ಹಣ ಕೊಡುವುದು ಬ್ಯೂರೋದವನಿಗೆ. ಅವನು ತನ್ನ ಪಾಲು ಮುರಿದುಕೊಂಡು ಉಳಿದದ್ದನ್ನು ಆಯಾಗೆ ಕೊಡುತ್ತಾನೆ. ಎಷ್ಟು ಮುರಿದನೆಂದು ಅವಳಿಗೂ ತಿಳಿಯದು, ಮನೆಯವರಿಗೂ ತಿಳಿಯದು. ಬಾಕಿ ಕೇಳಿದರೆ ಮನೆಯವರು, “ನೀನು ಬ್ಯೂರೋದವಳು” ಎನ್ನುತ್ತಾರೆ. ಬ್ಯೂರೋದವನು, “ನಾವು ಹೆಸರು ಕೊಟ್ಟೆವು ಅಷ್ಟೆ, ಕೆಲಸ ಅವರದು” ಎನ್ನುತ್ತಾನೆ. ಮುದುಕರು ತೀರಿಕೊಂಡ ದಿನವೇ ಕೆಲಸವೂ ತೀರುತ್ತದೆ. ಎರಡು ವರ್ಷ ನೋಡಿಕೊಂಡ ಜೀವಕ್ಕಾಗಿ ಅಳುತ್ತ ಕೂತವಳಿಗೆ ಅಂದೇ ಸಂಜೆ ಫೋನು ಬರುತ್ತದೆ: ನಾಳೆ ಬೇರೆ ಮನೆ, ಇಲ್ಲವಾದರೆ ಮನೆಯಲ್ಲಿ ಕೂಡು. ನೋಟೀಸು, ಪರಿಹಾರ, ಗ್ರಾಚ್ಯುಯಿಟಿ ಎಂಬ ಶಬ್ದಗಳು ಆ ಮನೆಯ ಹೊಸಲು ದಾಟುವುದಿಲ್ಲ.

ಕಾಯಿದೆ ಏನು ಹೇಳುತ್ತದೆ? ನಾವು ಮಿಡ್ಲ್ ಸ್ಕೂಲು ಓದಿದವರು. ವಕೀಲರ ಹತ್ತಿರ ಕೂತು ತಿಳಿದುಕೊಂಡದ್ದನ್ನು ಹೇಳುತ್ತೇವೆ. 1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ಮಂದಿ ನ್ಯಾಯಾಧೀಶರ ಪೀಠ ಒಂದು ದೊಡ್ಡ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಬರೆದದ್ದು. ಮಾಲಿಕ ಮತ್ತು ಕೆಲಸಗಾರ ಸೇರಿ ಕ್ರಮವಾಗಿ ನಡೆಸುವ, ಜನರಿಗೆ ಬೇಕಾದ ವಸ್ತುವನ್ನೋ ಸೇವೆಯನ್ನೋ ಒದಗಿಸುವ ಕೆಲಸ ‘ಉದ್ಯಮ’ವೇ ಸರಿ; ಲಾಭದ ಆಸೆ ಇದೆಯೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ ಎಂದಿತು. ಆಸ್ಪತ್ರೆಗಳೂ ಧರ್ಮಸಂಸ್ಥೆಗಳೂ ಅದರೊಳಗೆ ಬಂದವು. ಇದು ಆಳುವವರಿಗೆ ರುಚಿಸಲಿಲ್ಲ. 1982ರಲ್ಲಿ ತಿದ್ದುಪಡಿ ಮಾಡಿ ಧರ್ಮಸಂಸ್ಥೆಗಳನ್ನೂ ಮನೆಗೆಲಸವನ್ನೂ ಹೊರಗಿಡಲು ಹೊರಟರು, ಆದರೆ ಆ ಭಾಗವನ್ನು ಜಾರಿಗೆ ತರಲೇ ಇಲ್ಲ. ಅಂದು ಕೈಗೂಡದ್ದು ಈಗ ಕೈಗೂಡಿದೆ. 2020ರಲ್ಲಿ ಪಾಸಾದ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಾಯಿತು. ಅದರಲ್ಲಿ ‘ಉದ್ಯಮ’ ಎಂದರೇನು ಎಂದು ಹೇಳುವಲ್ಲಿ ಏನೇನು ಉದ್ಯಮವಲ್ಲ ಎಂದೂ ಹೇಳಿದ್ದಾರೆ. ದಾನಧರ್ಮ, ಸಮಾಜಸೇವೆ, ಪರೋಪಕಾರಗಳಲ್ಲಿ ತೊಡಗಿದ ಸಂಘಗಳು ನಡೆಸುವ ಸಂಸ್ಥೆ ಉದ್ಯಮವಲ್ಲ. ಮನೆಗೆಲಸ ಉದ್ಯಮವಲ್ಲ.

ಈಗ ನೋಡಿ, ನಮ್ಮ ಆಯಾ ಎಲ್ಲಿ ನಿಂತಳು! ಧರ್ಮದ ಆಶ್ರಮದಲ್ಲಿ ಕೆಲಸ ಮಾಡಿದರೆ ಅದು ಪರೋಪಕಾರ. ಮನೆಯಲ್ಲಿ ಮಾಡಿದರೆ ಅದು ಮನೆಗೆಲಸ. ಮುದುಕರ ಆರೈಕೆ ಹೆಚ್ಚಾಗಿ ನಡೆಯುವುದು ಈ ಎರಡೇ ಕಡೆ. ಎರಡೂ ಬಾಗಿಲು ಮುಚ್ಚಿವೆ. ಸುಖಾಸುಮ್ಮನೆ ಕೆಲಸದಿಂದ ತೆಗೆದರೆ ಕೈಗಾರಿಕಾ ನ್ಯಾಯಮಂಡಳಿಯ ಮೆಟ್ಟಲು ಹತ್ತುವ ದಾರಿಯೂ ಅವಳಿಗಿಲ್ಲ. ಅಡಿಗಲ್ಲಿನ ಮಹನೀಯರು ‘ಧರ್ಮಕಾರ್ಯ, ಕಾರ್ಖಾನೆಯಲ್ಲ’ ಎಂದದ್ದು ಬಾಯಿಂದ ಜಾರಿದ ಮಾತಲ್ಲ, ಅದಕ್ಕೆ ಈಗ ಕಾಯಿದೆಯ ಬಲವಿದೆ. ಸೇವೆ ಎಂಬ ಮಾತನ್ನು ಕಂಡರೆ ನಾವು ಸಿಡಿಮಿಡಿಗೊಳ್ಳುವುದು ಇದಕ್ಕೇ.

ಹಿರಿಯರಿಗೆ ಕಾಯಿದೆ ಇಲ್ಲವೆಂದಲ್ಲ. 2007ರಲ್ಲಿ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪಾಲನೆ ಪೋಷಣೆಯ ಕಾಯಿದೆ ಬಂತು. ಅದರ 19ನೆಯ ಕಲಮಿನಲ್ಲಿ ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮ, ಅದರಲ್ಲಿ ಕಡೇಪಕ್ಷ 150 ಮಂದಿ ದಿಕ್ಕಿಲ್ಲದ ಮುದುಕರಿಗೆ ಜಾಗ ಎಂದು ಬರೆದಿದೆ. ಆದರೆ ರಾಜ್ಯ ಸರ್ಕಾರ ಅದನ್ನು ‘ಸ್ಥಾಪಿಸಬಹುದು’ ಎಂದಿದೆ, ‘ಸ್ಥಾಪಿಸತಕ್ಕದ್ದು’ ಎಂದಿಲ್ಲ. ಒಂದು ಶಬ್ದದಲ್ಲಿ ಎಷ್ಟು ಜಿಲ್ಲೆಗಳು ತಪ್ಪಿಸಿಕೊಳ್ಳಬಹುದು! ಆ 150 ಮಂದಿಯನ್ನು ಎತ್ತಿ ಇಳಿಸುವವರ ಪಗಾರ, ಗಂಟೆ, ರಜೆಯ ಬಗ್ಗೆ ಆ ಕಲಮಿನಲ್ಲಿ ಅಕ್ಷರವಿಲ್ಲ. ಮಹಾರಾಷ್ಟ್ರದಲ್ಲಿ 2008ರಲ್ಲಿ ಮನೆಗೆಲಸದವರ ಕಲ್ಯಾಣ ಮಂಡಳಿಯ ಕಾಯಿದೆ ಆಯಿತು. ಕಲ್ಯಾಣ ಸರಿ; ಪಗಾರ ಗೊತ್ತುಮಾಡುವುದು ಬೇರೆ. ನಮ್ಮ ಕರ್ನಾಟಕ ಸರ್ಕಾರ 2004ರಲ್ಲೇ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಪಡಿಸಿತೆಂದು ಹೇಳಿಕೊಳ್ಳಲು ನಮಗೆ ಹೆಮ್ಮೆ. 2011ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಗೆಲಸದವರಿಗಾಗಿ 189ನೆಯ ಒಪ್ಪಂದ ಮಾಡಿತು. ಭಾರತ ಅದಕ್ಕೆ ಮುದ್ರೆ ಒತ್ತಲಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಮನೆಗೆಲಸದವರಿಗೆ ಪ್ರತ್ಯೇಕ ಕಾಯಿದೆ ಬೇಕೇ ಎಂದು ಸಮಿತಿ ನೇಮಿಸಿ ನೋಡಿ ಎಂದು ಕೇಂದ್ರ ಸರ್ಕಾರಕ್ಕೆ ಹೇಳಿತು. ಸಮಿತಿಗಳನ್ನು ನಾವು ಬಹಳ ಕಂಡಿದ್ದೇವೆ.

2020ನ್ನು ಮರೆಯಬಾರದು. ಮಾರ್ಚ್ 22ರ ಸಂಜೆ ಐದಕ್ಕೆ ಶಹರವೆಲ್ಲ ಬಾಲ್ಕನಿಯಲ್ಲಿ ನಿಂತು ಜಾಗಟೆ, ತಟ್ಟೆ ಬಾರಿಸಿತು. ಅದೇ ಬಾಲ್ಕನಿಯ ಒಳಗಿನ ಕೋಣೆಯಲ್ಲಿ ಆಯಾ ಅಜ್ಜನ ಕಫ ಒರೆಸುತ್ತಿದ್ದಳು. ಆ ತಿಂಗಳಲ್ಲೇ ಸರ್ಕಾರ ಆರೋಗ್ಯ ಕಾರ್ಯಕರ್ತರಿಗೆ 50 ಲಕ್ಷ ರೂಪಾಯಿ ವಿಮೆ ಸಾರಿತು. ಖಾಸಗಿ ಮನೆಯ ಆಯಾ ಆ ಲೆಕ್ಕಕ್ಕೆ ಬರಲಿಲ್ಲ. ಜೂನ್ 15ರಿಂದ ಅವಶ್ಯ ಸೇವೆಯವರಿಗಾಗಿ ಲೋಕಲ್ ರೈಲು ಹೊರಟಾಗ ಗುರುತುಚೀಟಿ ಕೇಳಿದರು. ಅವಳ ಹತ್ತಿರ ಯಾರ ಗುರುತುಚೀಟಿ ಇರಬೇಕಿತ್ತು? ಸೇವೆಯಂತೆ, ಆದರೆ ಅವಶ್ಯ ಸೇವೆಯಲ್ಲ!

ನಮ್ಮ ವಿರೋಧಿಗಳ ಒಂದು ಮಾತನ್ನು ಮಾತ್ರ ತಳ್ಳಿಹಾಕಲು ಬರುವುದಿಲ್ಲ. “ಎಂಟು ಗಂಟೆಯಂತೆ ಮೂರು ಪಾಳಿ ಇಟ್ಟರೆ ಪೆನ್ಶನಿನಲ್ಲಿ ಬದುಕುವವನು ಎಲ್ಲಿಂದ ಕೊಡಬೇಕು?” ಎನ್ನುತ್ತಾರೆ. ನಿಜ. ಗಿರಣಗಾಂವದ ಚಾಳುಗಳಲ್ಲಿ 1982ರ ಮುಷ್ಕರ ಕಂಡ ಗಿರಣಿ ಕಾರ್ಮಿಕರು ಇಂದು ಹಣ್ಣುಮುದುಕರು. 2014ರಲ್ಲಿ ನೌಕರರ ಪೆನ್ಶನ್ ಯೋಜನೆಯಲ್ಲಿ ಗೊತ್ತುಮಾಡಿದ ಕನಿಷ್ಠ ಪೆನ್ಶನು ತಿಂಗಳಿಗೆ 1000 ರೂಪಾಯಿ. ಅದರಲ್ಲಿ ಆಯಾನನ್ನು ಇಡುವುದಿರಲಿ, ಡಯಾಪರು ಕೊಳ್ಳುವುದೇ ಕಷ್ಟ. ಆ ಖೋಲಿಗಳಲ್ಲಿ ಆಯಾನ ಕೆಲಸವನ್ನು ಸೊಸೆಯೋ ಮಗಳೋ ಮಾಡುತ್ತಾಳೆ, ತನ್ನ ಕೂಲಿ ಬಿಟ್ಟು ಮಾಡುತ್ತಾಳೆ. ಅದಕ್ಕೂ ಸೇವೆಯೆಂದೇ ಹೆಸರು. ಬಡ ಮುದುಕನ ಮತ್ತು ಬಡ ಆಯಾನ ನಡುವೆ ಜಗಳ ಹಚ್ಚಿಟ್ಟು ಸರ್ಕಾರ ದೂರ ನಿಂತಿದೆ. ಮುದುಕನ ಕೈ ಖಾಲಿಯಿದ್ದರೆ ಕೊಡಬೇಕಾದವರು ಯಾರು? ಜಿಲ್ಲೆಗೊಂದು ಮನೆ ಎಂದು ಬರೆದುಕೊಟ್ಟವರು ಯಾರೋ ಅವರು. ಆಯಾನ ನಿದ್ದೆಯಿಂದ ಕಿತ್ತು ಮುದುಕನಿಗೆ ಕೊಡುವುದು ಯಾವ ನ್ಯಾಯ? ಹದಿನೆಂಟು ಗಂಟೆ ಎಚ್ಚರವಿದ್ದವಳು ಇನ್ಸುಲಿನ್ ಗುರುತು ತಪ್ಪಿ ಎಳೆದರೆ ಸಾಯುವವನೂ ಅದೇ ಮುದುಕ.

ಅಲ್ಲದೆ ಬ್ಯೂರೋದವನ ಪಾಲು ಎಲ್ಲಿಗೆ ಹೋಗುತ್ತಿದೆ? ಈ ರಾಜ್ಯದಲ್ಲಿ ಒಂದು ದಾರಿಯನ್ನು ಮೊದಲೇ ಕಡಿದಿದ್ದಾರೆ. ಮಸ್ಜಿದ್ ಬಂದರಿನ ಗೋದಾಮುಗಳಲ್ಲಿ ಮೂಟೆ ಹೊರುವ ಹಮಾಲರಿಗೂ ಒಬ್ಬ ಮಾಲಿಕನೆಂಬುದಿರಲಿಲ್ಲ. ಇವತ್ತು ಒಂದು ಅಂಗಡಿ, ನಾಳೆ ಇನ್ನೊಂದು, ನಡುವೆ ಮುಕಾದಮ. ಅಣ್ಣಾಸಾಹೇಬ ಪಾಟೀಲರ ಹೋರಾಟದ ಫಲವಾಗಿ 1969ರಲ್ಲಿ ಮಾಥಾಡಿ ಕಾಯಿದೆ ಬಂತು. ಮಂಡಳಿಯಲ್ಲಿ ಹಮಾಲನ ಹೆಸರೂ ಬರೆಯಬೇಕು, ವ್ಯಾಪಾರಿಯ ಹೆಸರೂ ಬರೆಯಬೇಕು. ವ್ಯಾಪಾರಿ ಕೂಲಿಯನ್ನೂ ಅದರ ಮೇಲೆ ಲೆವಿಯನ್ನೂ ಮಂಡಳಿಗೆ ಕಟ್ಟಬೇಕು. ಮಂಡಳಿ ಹಮಾಲನಿಗೆ ಪಗಾರ ಕೊಡುತ್ತದೆ, ಲೆವಿಯಿಂದ ಪ್ರಾವಿಡೆಂಟ್ ಫಂಡು, ಬೋನಸು, ಔಷಧೋಪಚಾರ. 1981ರಲ್ಲಿ ಇದೇ ಮಾದರಿಯಲ್ಲಿ ಖಾಸಗಿ ಕಾವಲುಗಾರರಿಗೂ ಕಾಯಿದೆ ಆಯಿತು. ಕಟ್ಟಡದ ಗೇಟು ಕಾಯುವವನಿಗೆ ಮಂಡಳಿ ಇದೆ. ಅದೇ ಕಟ್ಟಡದ ಏಳನೆಯ ಮಾಳಿಗೆಯಲ್ಲಿ ಉಸಿರು ಕಾಯುವವಳಿಗೆ ಯಾಕೆ ಬೇಡ? ಮೂಟೆ ಹೊರುವವರಿಗೆ ಸಾಧ್ಯವಾದದ್ದು ಮನುಷ್ಯರನ್ನು ಹೊರುವವರಿಗೆ ಸಾಧ್ಯವಿಲ್ಲವೇ? ಮುದುಕರ ಆರೈಕೆಯ ಕೆಲಸಗಾರರಿಗೆ ಮಾಥಾಡಿ ಮಾದರಿಯ ಮಂಡಳಿ ಬೇಕೆಂಬುದು ನಮ್ಮ ಸಂಘದ ಬೇಡಿಕೆ. ಬ್ಯೂರೋಗಳು ಹೆಸರು ದಾಖಲಿಸಿಕೊಂಡು, ಎಷ್ಟು ಮುರಿದುಕೊಳ್ಳುತ್ತೇವೆಂದು ಬಹಿರಂಗವಾಗಿ ಹೇಳಲಿ, ಇಲ್ಲವಾದರೆ ಅಂಗಡಿ ಮುಚ್ಚಲಿ.

ಇನ್ನು ನಮ್ಮವರ ಆಶ್ರಮದ ವಿಷಯ. ಅದು ಕಟ್ಟಬಾರದೆಂದು ನಾವು ಹೇಳುವುದಿಲ್ಲ. ನಾವೂ ಮುದುಕರಾಗುತ್ತೇವೆ, ಮನೆಗೆಲಸದವರ ಮಂಡಳಿಯಲ್ಲಿ ಹೆಸರು ಬರೆಸಲು ಅರವತ್ತು ಮೇರೆ, ಅದೇ ಅರವತ್ತಕ್ಕೆ 2007ರ ಕಾಯಿದೆಯಂತೆ ಆಯಾನೂ ಹಿರಿಯ ನಾಗರಿಕಳು. ಆ ಆಶ್ರಮದಲ್ಲಿ ಅವಳಿಗೊಂದು ಹಾಸಿಗೆ ಉಂಟೇ ಎಂದು ಮೊದಲು ಕೇಳುತ್ತೇವೆ. ಆಮೇಲೆ, ಅಡಿಗಲ್ಲಿನ ಮೊದಲೇ ಲಿಖಿತದಲ್ಲಿ ಕೊಡಲಿ: ನೇಮಕದ ಪತ್ರ, ಎಂಟು ಗಂಟೆಯ ಪಾಳಿ, ವಾರದ ರಜೆ, ಪ್ರತಿ ಏಳನೆಯ ತಾರೀಖಿಗೆ ಬ್ಯಾಂಕಿನಲ್ಲಿ ಪಗಾರ, ಪ್ರಾವಿಡೆಂಟ್ ಫಂಡು. ರಾತ್ರಿ ಒಬ್ಬಳನ್ನೇ ಒಂದು ಮಾಳಿಗೆಗೆ ಬಿಡಬಾರದು. ಎತ್ತುವ ಕೆಲಸಕ್ಕೆ ಇಬ್ಬರು. ಸೂಜಿ, ರಕ್ತ ಮುಟ್ಟುವವರಿಗೆ ಕಾಮಾಲೆ ಬಿ ಲಸಿಕೆಯ ಮೂರು ಡೋಸು ಆಶ್ರಮದ ಖರ್ಚಿನಲ್ಲಿ. ಬಟ್ಟೆ ಬದಲಿಸಲು ಒಂದು ಕೋಣೆ, ಒಂದು ಕಕ್ಕಸು. ಧರ್ಮಸಂಸ್ಥೆ ಉದ್ಯಮವಲ್ಲವೆಂದು ಕಾಯಿದೆ ಹೇಳಿದರೆ ಹೇಳಲಿ. ಉದ್ಯಮಕ್ಕಿಂತ ಕಡಿಮೆ ಕೊಡಬೇಕೆಂದು ಯಾವ ಕಾಯಿದೆಯೂ ಹೇಳಿಲ್ಲ. ಮತ್ತೆ, ಪುಕ್ಕಟೆ ಸೇವೆ ಮಾಡಬೇಕೆಂಬ ಮನಸ್ಸು ಯಾರಿಗಾದರೂ ಇದ್ದರೆ ನಾವು ಅಡ್ಡ ಬರುವುದಿಲ್ಲ. ಗೋಡೆಯ ಮೇಲೆ ಹೆಸರು ಬರುವವರಿಂದಲೇ ಆರಂಭವಾಗಲಿ, ವಾರಕ್ಕೊಂದು ರಾತ್ರಿ. ಮಗ್ಗುಲು ಹೊರಳಿಸುವುದನ್ನು ನಮ್ಮ ಹೆಂಗಸರು ಸಂತೋಷದಿಂದ ಕಲಿಸಿಕೊಡುತ್ತಾರೆ.

ಈ ಷರತ್ತುಗಳನ್ನು ಬರೆದು ಕಳಿಸಿದ್ದೇವೆ. ಒಪ್ಪುವ ತನಕ ನಮ್ಮ ಸದಸ್ಯರು ಆ ನಿಧಿಗೆ ಚಂದಾ ಕೊಡಬಾರದೆಂದು ಕಾರ್ಯಕಾರಿ ಸಮಿತಿ ನಿರ್ಧರಿಸಿದೆ. ಹತ್ತು ರೂಪಾಯಿಯೂ ಬೇಡ.

ಆಯಾ, ವಾರ್ಡ್‌ಬಾಯಿ, ಅಟೆಂಡೆಂಟ್ ಕೆಲಸದಲ್ಲಿರುವ ಎಲ್ಲ ಬಂಧುಗಳೂ ಸಂಘದಲ್ಲಿ ಹೆಸರು ಬರೆಸಬೇಕು. ಬರುವಾಗ ಒಂದು ಎರಡು ರೂಲಿನ ವಹಿ ತನ್ನಿ. ಹೋದ ಗಂಟೆ, ಬಿಟ್ಟ ಗಂಟೆ, ಮನೆಯ ವಿಳಾಸ, ಬ್ಯೂರೋದ ಹೆಸರು, ಕೈಗೆ ಬಂದ ಹಣ ಇವನ್ನು ದಿನವೂ ಬರೆದಿಡುವುದನ್ನು ತೋರಿಸಿಕೊಡುತ್ತೇವೆ. ಬರೆಯಲು ಬಾರದವರು ಮಕ್ಕಳ ಕೈಯಲ್ಲಿ ಬರೆಸಿರಿ. ಕೆಲಸದ ಮನೆಯಲ್ಲಿ ಯಾರಾದರೂ ಮೈಮೇಲೆ ಕೈ ಮಾಡಿದ್ದರೆ ಅಂಜದೆ ಹೇಳಿರಿ. 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆಯಲ್ಲಿ ಮನೆಯೂ ಕೆಲಸದ ಜಾಗವೇ, ದೂರು ಕೊಡಲು ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇರಬೇಕು, ನಮ್ಮ ಹೆಣ್ಣುಮಕ್ಕಳೇ ಜೊತೆಗೆ ಬರುತ್ತಾರೆ. ರವಿವಾರ ಸಂಜೆ ಮಾತ್ರ ಕಚೇರಿ ತೆರೆದರೆ ರವಿವಾರವಿಲ್ಲದವರು ಬರುವುದು ಹೇಗೆಂದು ಒಬ್ಬ ತಾಯಿ ಕೇಳಿದ್ದಾರೆ. ಆದುದರಿಂದ ಇನ್ನು ಮುಂದೆ ರಾತ್ರಿ ಡ್ಯೂಟಿ ಬಿಟ್ಟು ಬರುವವರಿಗಾಗಿ ಬುಧವಾರವೂ ಶುಕ್ರವಾರವೂ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ತನಕ ಕಚೇರಿ ತೆರೆದಿರುತ್ತದೆ. ಚಹಾ ಇರುತ್ತದೆ.